ಮಂಗಳೂರಿಗೆ ಒಳ್ಳೆಯ ತಿಂಗಳು

ಮೊನ್ನೆ ಸೊಸೆಯ ಜೊತೆ ಶಿಡ್ಲಘಟ್ಟದಿಂದ ಊರಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ಅವಳು ಫೋನು ನೋಡುತ್ತ, ನಿಮ್ಮ ಮಗನೂ ನಾನೂ ರಜ ಹಾಕಿ ಮಂಗಳೂರಿಗೆ ಹೋಗಬೇಕು ಅಂತಿದ್ದೀವಿ, ಯಾವ ತಿಂಗಳು ಒಳ್ಳೆಯದೋ ಗೊತ್ತಾಗುತ್ತಿಲ್ಲ ಎಂದಳು. ನಾನು ಕಿಟಕಿಯಿಂದ ಮುಖ ತಿರುಗಿಸದೆ ಹೇಳುತ್ತಾ ಹೋದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಬೇಡ. ಅಲ್ಲಿನ ಮಳೆ ನಮ್ಮ ಮಳೆಯ ಹಾಗಲ್ಲ, ಹಿಡಿದರೆ ಬಿಡುವುದಿಲ್ಲ, ನೀರಿಗೆ ಇಳಿಯಲು ಕಾವಲಿನವರು ಬಿಡುವುದಿಲ್ಲ. ಅಕ್ಟೋಬರಿನಲ್ಲಿ ಮಳೆ ಹೋದಂತೆ ಕಂಡರೂ ಸೆಖೆ ಹೋಗಿರುವುದಿಲ್ಲ. ಮಾರ್ಚಿನಿಂದ ಮೇವರೆಗೆ ಉಟ್ಟ ಬಟ್ಟೆ ಮೈಗೆ ಅಂಟುತ್ತದೆ. ನವೆಂಬರ್ ಕೊನೆಯಿಂದ ಫೆಬ್ರವರಿಯ ಒಳಗೆ ಹೋಗು, ಅದರಲ್ಲೂ ಡಿಸೆಂಬರ್. ಬೆಳಗ್ಗೆ ತಂಪು, ನೀರು ಶಾಂತ, ಸಂಜೆ ಹೊತ್ತು ಮುಳುಗುವುದು ಸ್ವಚ್ಛವಾಗಿ ಕಾಣುತ್ತದೆ.

ಸೊಸೆ ಫೋನು ಮಡಿಲಿಗೆ ಹಾಕಿಕೊಂಡಳು. "ನೀವು ಯಾವಾಗ ಹೋಗಿದ್ರಿ ಅತ್ತೆ?"

"ಹೋಗಿಲ್ಲ ಕಣಮ್ಮ."

ಅವಳು ನಕ್ಕಳು, ನಾನೂ ನಕ್ಕೆ. ಬಸ್ಸಿಳಿದು ಊರೊಳಗೆ ಬಂದರೆ ಮೊದಲ ಬೀದಿಯಲ್ಲೇ ಯಾರೋ ಹುಳುಮನೆ ತೊಳೆಯುತ್ತಿದ್ದರು. ರೇಷ್ಮೆ ಹುಳು ಸಾಕುವವರು ಒಂದು ಬೆಳೆ ಮುಗಿದು ಇನ್ನೊಂದು ಬೆಳೆ ತರುವ ಮೊದಲು ಗೋಡೆ, ನೆಲ, ತಟ್ಟೆಗಳನ್ನೆಲ್ಲ ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ತೊಳೆಯುತ್ತಾರೆ. ಆ ವಾಸನೆಗೆ ಸೊಸೆ ದುಪಟ್ಟಾ ಮೂಗಿಗೆ ಹಿಡಿದು ಮುಂದೆ ಹೋದಳು. ನಾನು ಮಾತ್ರ ಅಲ್ಲೇ ನಿಂತುಬಿಟ್ಟೆ. ಮೂರು ವರ್ಷದ ಹಿಂದಿನ ಒಂದು ಚಳಿಗಾಲ ಎದುರಿಗೆ ಬಂದು ನಿಂತಿತ್ತು.

ನಮ್ಮೂರು ಶಿಡ್ಲಘಟ್ಟದಿಂದ ಚಿಂತಾಮಣಿ ಕಡೆಗೆ ಹೋಗುವ ದಾರಿಯಲ್ಲಿದೆ. ಈ ಸೀಮೆಯವರಿಗೆ ಹೊಳೆ ಎಂದರೆ ಮರಳಿನ ಹಾಸು, ನೀರೆಂದರೆ ಕೆರೆ. ಕೆರೆ ಎಷ್ಟೇ ತುಂಬಿದರೂ ಆಚೆ ದಡದ ಹುಣಿಸೆಮರ ಕಾಣುತ್ತದೆ. ನನ್ನನ್ನು ಸಾಕಿದ ಅಜ್ಜಿ ಕೆರೆ ಏರಿಯ ಮೇಲೆ ಕೂತು, ಆಚೆ ದಡವೇ ಇಲ್ಲದ ನೀರು ಅಂತ ಒಂದು ಐತಂತೆ, ಅದರ ಮುಂದೆ ನಿಂತವರಿಗೆ ಸ್ವಂತ ಕಷ್ಟ ನೆನಪಾಗಲ್ಲವಂತೆ ಎಂದು ಹೇಳುತ್ತಿದ್ದಳು. ಅವಳಿಗೆ ಯಾರು ಹೇಳಿದ್ದರೋ. ಅವಳ ಮಾತೆಲ್ಲ ನನ್ನ ಬಾಯಿಗೆ ಬಂದ ಹಾಗೆ ಆ ಆಸೆಯೂ ಬಂತು.

ಆ ಆಸೆಯನ್ನು ನಾನು ಹಂಚಿಕೊಂಡಿದ್ದು ಪದ್ಮಕ್ಕನ ಜೊತೆ. ಅವಳು ಗೌರಿಬಿದನೂರಿನ ನಗರಗೆರೆ ಕಡೆಯವಳು, ಮನೆಯಲ್ಲಿ ತೆಲುಗು ಮಾತು. ನಮ್ಮೂರಿನ ದೊಡ್ಡ ಬೀದಿಯ ಜಮೀನ್ದಾರರ ಮನೆಗೆ ಸೊಸೆಯಾಗಿ ಬಂದ ವರ್ಷವೇ ನಾನು ಊರ ತೆಂಕಣ ಬೀದಿಗೆ ಸೊಸೆಯಾಗಿ ಬಂದೆ. ನಮ್ಮದು ಹಿಂದೆ ಊರಾಚೆ ಎನಿಸಿಕೊಳ್ಳುತ್ತಿದ್ದ ಬೀದಿ. ನಮ್ಮ ಮಾವನ ಕಾಲಕ್ಕೇ ಗೋಡೆಗೆ ಬುದ್ಧನ ಪಟ ಬಂದಿತ್ತು, ನಮ್ಮ ಯಜಮಾನರು ಓದಿ ಶಾಲೆ ಮೇಷ್ಟ್ರಾಗಿದ್ದರು. ನಮಗೂ ಒಂದು ಎಕರೆ ಹಿಪ್ಪುನೇರಳೆ ತೋಟ, ತೋಟದ ಪಕ್ಕ ಒಂದು ಹುಳುಮನೆ. ಪದ್ಮಕ್ಕನ ತೋಟಕ್ಕೂ ನಮ್ಮ ತೋಟಕ್ಕೂ ನಡುವೆ ಒಂದೇ ಬದು. ದೊಡ್ಡ ಬೀದಿಯ ಉಳಿದ ಹೆಂಗಸರನ್ನು ನಾನು ಅಮ್ಮೋರೇ ಎನ್ನುತ್ತಿದ್ದೆ. ಅವಳೊಬ್ಬಳನ್ನು ಮಾತ್ರ ಅಕ್ಕ, ನೀನು ಎನ್ನುತ್ತಿದ್ದೆ. ಹಾಗೆ ಕರೆಯಬೇಕೆಂದು ಹಟ ಹಿಡಿದವಳೂ ಅವಳೇ.

ನಮ್ಮಿಬ್ಬರದು ಮುಯ್ಯಾಳು. ಅಂದರೆ ಅವಳ ಕೆಲಸಕ್ಕೆ ನಾನು ಒಂದು ದಿನ ಹೋದರೆ ನನ್ನ ಕೆಲಸಕ್ಕೆ ಅವಳು ಒಂದು ದಿನ ಬರಬೇಕು. ಕೈಗೆ ಕೈ ತೀರಿಸುವುದು ಅಷ್ಟೆ, ಇದರಲ್ಲಿ ಕೂಲಿ ಇಲ್ಲ. ಅದಕ್ಕೆಂದೇ ಇಬ್ಬರೂ ಹುಳುಗಳನ್ನು ನಾಲ್ಕೈದು ದಿನ ಹಿಂದೆ ಮುಂದೆ ಮಾಡಿ ತರುತ್ತಿದ್ದೆವು. ಅವಳ ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದಾಗ ನನ್ನದು ಇನ್ನೂ ಮೇಯುತ್ತಿರುತ್ತಿತ್ತು. ಮಗ ಹುಟ್ಟಿದಾಗ ನಾನು ಹದಿನೈದು ದಿನ ಏಳಲಾಗಲಿಲ್ಲ. ಆಗ ನನ್ನ ಹುಳುಗಳಿಗೆ ಸೊಪ್ಪು ಹಾಕಿ ಗೂಡು ಬಿಡಿಸಿ ಕೊಟ್ಟವಳು ಅವಳು. ಅವಳ ಹುಳುಮನೆಯ ಬೀಗದ ಕೈ ಇಪ್ಪತ್ತೈದು ವರ್ಷ ನನ್ನ ಸೆರಗಿನ ತುದಿಯಲ್ಲಿತ್ತು. ಊಟದ ಹೊತ್ತಿಗೆ ಹುಳುಮನೆಯ ಜಗಲಿಯ ಮೇಲೆ ಇಬ್ಬರೂ ನಮ್ಮ ನಮ್ಮ ಡಬ್ಬಿ ಬಿಚ್ಚುತ್ತಿದ್ದೆವು. ಅವಳ ವಾಸದ ಮನೆಯೊಳಗೆ ನಾನು ಹೋಗಲಿಲ್ಲ, ನಮ್ಮ ಮನೆಯೊಳಗೆ ಅವಳು ಬರಲಿಲ್ಲ. ಹುಳು ಬಿಟ್ಟು ಹೋಗಲು ಯಾರಿಗೆ ಪುರಸೊತ್ತು ಎಂದುಕೊಂಡಿದ್ದೆ. ಅದಕ್ಕಿಂತ ಹೆಚ್ಚು ಯೋಚಿಸಬೇಕೆಂದು ನನಗೆ ಅನ್ನಿಸಲೇ ಇಲ್ಲ.

ಒಂದು ಸಲವಾದರೂ ಒಟ್ಟಿಗೆ ಮಂಗಳೂರಿಗೆ ಹೋಗಿ ಸಮುದ್ರ ನೋಡುವುದೆಂದು ಮಾತಾಗಿತ್ತು. ಒಬ್ಬಳನ್ನು ಬಿಟ್ಟು ಇನ್ನೊಬ್ಬಳು ಹೋಗಬಾರದು ಎಂದು ಕೈ ಮೇಲೆ ಕೈ ಹಾಕಿದವಳು ಅವಳೇ. ಯಾವ ತಿಂಗಳು ಹೋಗುವುದೆನ್ನುವುದೇ ದೊಡ್ಡ ಲೆಕ್ಕಾಚಾರ. ಆಗ ರೇಷ್ಮೆ ಇಲಾಖೆಗೆ ಮಂಗಳೂರು ಕಡೆಯ ಇನ್‌ಸ್ಪೆಕ್ಟರ್ ಒಬ್ಬರು ಬಂದಿದ್ದರು. ಹುಳು ನೋಡಲು ಬಂದಾಗಲೆಲ್ಲ ನಾನು ಅವರನ್ನು ಹಿಡಿದು ಒಂದೊಂದು ತಿಂಗಳೂ ಹೇಗಿರುತ್ತದೆಂದು ಕೇಳುತ್ತಿದ್ದೆ. ಸೊಸೆಗೆ ನಾನು ಒಪ್ಪಿಸಿದ್ದು ಅವರ ಮಾತನ್ನೇ. ತೊಂದರೆ ಏನೆಂದರೆ ಅಲ್ಲಿ ಕಡಲು ಚೆನ್ನಾಗಿರುವ ತಿಂಗಳಲ್ಲೇ ಇಲ್ಲಿ ಸೊಪ್ಪು ಸೊಂಪಾಗಿರುತ್ತದೆ. ನಮಗೆ ಬಿಡುವು ಸಿಗುವುದು ಬೇಸಿಗೆಯಲ್ಲಿ, ತೋಟ ಒಣಗಿದಾಗ. ಆಗ ಅಲ್ಲಿ ಸೆಖೆ. ಒಂದು ವರ್ಷ ಹುಳು, ಒಂದು ವರ್ಷ ಪದ್ಮಕ್ಕನ ಮಗಳ ಪರೀಕ್ಷೆ, ಒಂದು ವರ್ಷ ಅವಳ ಅತ್ತೆಯ ತಿಥಿ. ಅವಳು ಬೇಡ ಎಂದಾಗಲೆಲ್ಲ ನಾನು ಮುಂದಿನ ಡಿಸೆಂಬರ್ ಎಂದುಕೊಳ್ಳುತ್ತಿದ್ದೆ.

ಆ ವರ್ಷ ಮಾತ್ರ ಗಟ್ಟಿ ಮಾಡಿದ್ದೆವು. ದೀಪಾವಳಿಯ ಬೆಳೆ ಇಳಿಸಿದ ಮೇಲೆ ಸಂಕ್ರಾಂತಿವರೆಗೆ ಇಬ್ಬರೂ ಮರಿಹುಳು ತರುವುದಿಲ್ಲ, ಡಿಸೆಂಬರಿನಲ್ಲಿ ಹೊರಡುವುದು. ನಾನು ಹೊಸ ಚೀಲ ತಂದು ಒಂದು ಸೀರೆ ಮಡಚಿ ಇಟ್ಟಿದ್ದೂ ಆಗಿತ್ತು. ನವೆಂಬರಿನ ಕೊನೆಗೆ ಟೀವಿಯಲ್ಲಿ ಸೈಕ್ಲೋನು ಎಂದರು. ನಮ್ಮಲ್ಲೂ ಮೋಡ ಮುಚ್ಚಿ ಮೂರು ದಿನ ಜಿಟಿಜಿಟಿ ಹನಿಯಿತು, ಚಳಿ ಇಳಿಯಿತು. ಪದ್ಮಕ್ಕ ಬದುವಿನ ಮೇಲೆ ಬಂದು ನಿಂತಳು. ಸಮುದ್ರ ಎದ್ದಿದೆಯಂತೆ, ಈಗ ಬೇಡ, ಸಂಕ್ರಾಂತಿ ಕಳೆದು ನೋಡಣ, ಖಾಲಿ ಕೂರುವ ಬದಲು ಒಂದು ಬೆಳೆ ಎತ್ತಣ ಎಂದಳು. ಅವಳು ಆಗಲೇ ಮರಿಹುಳುವಿಗೆ ಹೇಳಿ ಬಂದಿದ್ದಳು. ಸಮುದ್ರದ ಮಾತಿಗೆ ಎದುರು ಮಾತಾಡುವಷ್ಟು ನನಗೆ ಏನು ಗೊತ್ತು. ನಾನೂ ಹೇಳಿಬಂದೆ. ಅವಳ ಹುಳು ಮೊದಲು, ನಾಲ್ಕು ದಿನ ಬಿಟ್ಟು ನನ್ನದು.

ಹುಳುಗಳು ಬೆಳೆಯುತ್ತಾ ನಾಲ್ಕು ಸಲ ಮೇವು ಬಿಟ್ಟು ತಲೆ ಎತ್ತಿ ಅಲ್ಲಾಡದೆ ಕೂರುತ್ತವೆ, ಹಳೆ ಚರ್ಮ ಕಳಚುತ್ತವೆ. ಅದನ್ನು ನಾವು ಜ್ವರ ಎನ್ನುತ್ತೇವೆ. ನಾಲ್ಕನೆಯ ಜ್ವರದಿಂದ ಎದ್ದ ಹುಳುವಿಗೆ ಬರುವ ಹಸಿವು ಹೇಳತೀರದು. ದಿನಕ್ಕೆ ಎಷ್ಟು ಸಲ ಸೊಪ್ಪು ಹಾಕಿದರೂ ಸಾಲದು, ಮನೆಯಿಂದ ಆಚೆ ಕಾಲಿಡುವಂತಿಲ್ಲ. ಪದ್ಮಕ್ಕನ ಹುಳು ಆ ಜ್ವರದಿಂದ ಎದ್ದ ಮಾರನೆಯ ದಿನವೇ ಅವಳು ನನ್ನ ಹತ್ತಿರ ಬಂದಳು. ಅಮ್ಮನಿಗೆ ಮೈ ಸರಿಯಿಲ್ಲ, ಊರಿನಿಂದ ಫೋನು ಬಂತು, ನಾಲ್ಕು ದಿನ ಹೋಗಿ ಬರಬೇಕು ಎಂದಳು.

"ನಿನ್ ಹುಳ ಜ್ವರಕ್ಕೆ ಕೂತ್ಕೊಳ್ತಾವಲ್ಲ ಲಲಿತ, ನಿಂಗೂ ಕೈ ಬಿಡುವಿರ್ತೈತೆ. ನಂದು ಹಣ್ಣಾಗೋ ಹೊತ್ಗೆ ಬಂದ್ಬಿಡ್ತೀನಿ."

ಅಷ್ಟು ಕರಾರುವಾಕ್ಕಾಗಿ ಎಣಿಸಿದ್ದಳಲ್ಲ ಎಂದು ಆಗ ನನಗೆ ಮೆಚ್ಚುಗೆಯಾಗಿತ್ತು. ತಾಯಿಗೆ ಕೊಡು ಎಂದು ರಾಗಿ ಹುರಿಹಿಟ್ಟು ಮಾಡಿ ಬೆಲ್ಲ, ಏಲಕ್ಕಿ ಹಾಕಿ ಡಬ್ಬಿ ತುಂಬಿ ಕೊಟ್ಟೆ. ಕಾಯಿಲೆಯವರಿಗೆ ಒಳ್ಳೆಯದು. ಅವಳು ಡಬ್ಬಿಯನ್ನು ಎರಡು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತಿದ್ದು ನೆನಪಿದೆ. ತಾಯಿಯ ಚಿಂತೆ ಎಂದುಕೊಂಡೆ.

ಆ ನಾಲ್ಕು ದಿನ ನಾನು ನೆಲಕ್ಕೆ ಬೆನ್ನು ಹಚ್ಚಲಿಲ್ಲ. ಎರಡು ತೋಟದ ಸೊಪ್ಪು ಕೊಯ್ದು, ಹನಿ ಬಿದ್ದ ಎಲೆಯನ್ನು ಗೋಣಿಯ ಮೇಲೆ ಹರಡಿ ಒರೆಸಿ, ಅವಳ ತಟ್ಟೆಗಳಿಗೆ ಹಾಕುವುದು, ಬದು ದಾಟಿ ಬಂದು ನನ್ನವನ್ನು ನೋಡುವುದು. ಎರಡನೆಯ ದಿನ ಅವಳ ತಟ್ಟೆಯೊಂದರಲ್ಲಿ ಐದಾರು ಹುಳು ಸೀಮೆಸುಣ್ಣದಂತೆ ಬೆಳ್ಳಗೆ ಸೆಟೆದು ಬಿದ್ದಿದ್ದವು. ಸುಣ್ಣಕಟ್ಟು ರೋಗ. ಚಳಿ, ತೇವ ಎರಡೂ ಸೇರಿದರೆ ಬರುತ್ತದೆ. ಆಯ್ದು ಹೂತು, ಸುಣ್ಣ ಚೆಲ್ಲಿ, ಅವಳ ಹುಳುವನ್ನು ಹೇಗೋ ತಡೆದೆ. ಒಂದು ಹುಳುಮನೆಯಿಂದ ಇನ್ನೊಂದಕ್ಕೆ ಹೋಗುವಾಗ ಬಾಗಿಲಲ್ಲಿ ಕಾಲು ತೊಳೆದು, ಸೀರೆ ಬದಲಿಸಿ ಹೋಗಬೇಕು. ಊರಿನ ಹೊಸ ಸೊಸೆಯರಿಗೆಲ್ಲ ಈ ಪಾಠ ಹೇಳಿಕೊಡುವವಳು ನಾನೇ. ಆ ದಿನಗಳಲ್ಲಿ ಎಷ್ಟು ಸಲ ಕಾಲು ತೊಳೆಯದೆ ಹಾಗೇ ಓಡಿದೆನೋ ನನಗೇ ತಿಳಿಯದು. ಮೂರನೆಯ ದಿನ ಅವಳ ಹುಳುಮನೆಯ ಮೂಲೆಯಲ್ಲಿ ಚಂದ್ರಿಕೆ ತೆಗೆಯಲು ಹೋದೆ. ಹಣ್ಣಾದ ಹುಳು ಗೂಡು ಕಟ್ಟಲೆಂದು ಬಿಡುವ ಬಿದಿರಿನ ತಟ್ಟಿ ಅದು. ಅದರ ಹಿಂದೆ ನನ್ನ ಹುರಿಹಿಟ್ಟಿನ ಡಬ್ಬಿ, ಮುಚ್ಚಳ ತೆಗೆಯದೆ ಹಾಗೇ ಕೂತಿತ್ತು. ಅವಸರದಲ್ಲಿ ಮರೆತಿದ್ದಾಳೆ ಪಾಪ ಎಂದುಕೊಂಡೆ.

ಐದನೆಯ ದಿನ ಬೆಳಗ್ಗೆ ಬಂದಳು. ಬಿಸಿಲಿಗೆ ಮುಖ ಕಂದಿತ್ತು. ತಾಯಿ ಹೇಗಿದ್ದಾರೆಂದು ಕೇಳಿದೆ, ವಾಸಿ ಎಂದಳು. ಹುಳುಗಳು ಹಣ್ಣಾಗಿ ಮೈ ಹಳದಿ ತಿರುಗಿ ತಲೆ ಎತ್ತಿ ಆಡಿಸುತ್ತಿದ್ದವು. ಇಬ್ಬರೂ ಎದುರು ಬದುರು ನಿಂತು ಆಯ್ದು ಚಂದ್ರಿಕೆಗೆ ಬಿಡತೊಡಗಿದೆವು. ಕೆಲಸ ಸಾಗಿತ್ತು, ಮಾತೂ ಸಾಗಿತ್ತು. ಹತ್ತು ಗಂಟೆಯ ಸುಮಾರಿಗೆ ಅವಳು ಕಂಬ ಹಿಡಿದು ನಿಂತಳು.

"ತಲೆ ತಿರುಗ್ತೈತೆ ಕಣೇ. ಅಲೆ ವಾಪಸ್ ಹೋಗ್ಬೇಕಾದ್ರೆ ಹಿಮ್ಮಡಿ ಕೆಳಗಿನ ಮರಳು ಜರುಗುತ್ತಲ್ಲ, ನಾವೇ ಎಲ್ಲೋ ಹೋದಂಗೆ, ಹಂಗಾಗ್ತೈತೆ."

ನನ್ನ ಕೈಯಲ್ಲಿ ಒಂದು ಹಿಡಿ ಹುಳುಗಳಿದ್ದವು. ಅವುಗಳನ್ನು ಜೋಪಾನವಾಗಿ ಚಂದ್ರಿಕೆಗೆ ಬಿಟ್ಟೆ. ಆಮೇಲೆ ಕೇಳಿದೆ.

"ಮರಳು ಜರುಗುತ್ತೆ ಅಂತ ಯಾರು ಹೇಳಿದ್ರು ನಿಂಗೆ?"

"ಟೀವೀಲಿ ನೋಡಿದ್ದೆ."

"ಟೀವೀಲಿ ಹಿಮ್ಮಡಿಗೆ ಗೊತ್ತಾಗಲ್ಲ ಪದ್ಮಕ್ಕ."

ಅವಳು ತಲೆ ತಗ್ಗಿಸಿ ಹುಳು ಆಯುತ್ತಲೇ ಇದ್ದಳು. ನಾನೂ ಆಯುತ್ತಿದ್ದೆ. ಒಂದು ತಟ್ಟೆ ಮುಗಿದ ಮೇಲೆ ಅವಳೇ ಹೇಳಿದಳು. ಮಗಳಿಗೆ ಚಿಂತಾಮಣಿಯಲ್ಲಿ ಸಂಬಂಧ ಗೊತ್ತಾಗಿತ್ತಲ್ಲ, ಆ ಬೀಗರು ಗಾಡಿ ಮಾಡಿ ಮಂಗಳೂರಿಗೆ ಹೊರಟಿದ್ದರು, ಬನ್ನಿ ಎಂದು ಕರೆದರು, ಇಲ್ಲವೆನ್ನಲಾಗಲಿಲ್ಲ. ತಾಯಿ ಊರಲ್ಲಿ ಚೆನ್ನಾಗೇ ಇದ್ದಾಳೆ.

"ಗಾಡೀಲಿ ಜಾಗ ಇರ್ಲಿಲ್ವಾ?"

ಇರಲಿಲ್ಲ ಎಂದು ಅವಳು ಅನ್ನಬಹುದಿತ್ತು. ಅಂದಿದ್ದರೆ ನಾನು ನಂಬುತ್ತಿದ್ದೆ. ಇಪ್ಪತ್ತೈದು ವರ್ಷ ನಂಬಿದವಳಿಗೆ ಇನ್ನೊಂದು ಮಾತು ಹೆಚ್ಚಲ್ಲ.

"ಇತ್ತು. ಎರಡು ಸೀಟು ಖಾಲಿ ಹೋಯ್ತು," ಎಂದಳು. "ಅವ್ರು ಹೊಸ ಬೀಗ್ರು ಕಣೇ. ಮನೇಲಿ ಅಡಿಗೆ ಮಾಡಿ ಕಟ್ಕೊಂಡು ಬಂದಿದ್ರು, ದಾರೀಲಿ ಕೂತು ಎಲ್ರೂ ಒಟ್ಟಿಗೆ ಉಂಡಿದ್ದು. ಮಲಗಿದ್ದೂ ಒಂದೇ ಹಾಲ್‌ನಲ್ಲಿ. ನಿನ್ನ ಯಾರು ಅಂತ ಕೇಳಿದ್ರೆ ನಾನೇನ್ ಹೇಳ್ಲಿ?"

"ಸ್ನೇಹಿತೆ ಅನ್ನು."

"ಯಾವ ಪೈಕಿ ಅಂತಾರೆ." ಅವಳ ದನಿ ಸಣ್ಣದಾಯಿತು. "ಮಗಳ ಮದ್ವೆ ಲಲಿತ."

ಹಣ್ಣಾದ ಹುಳುವನ್ನು ಬಿಟ್ಟು ಹೋಗುವಂತಿಲ್ಲ. ತಡವಾದರೆ ತಟ್ಟೆಯಲ್ಲೇ ನೂಲು ಬಿಟ್ಟು ಹಾಳಾಗುತ್ತದೆ. ಹಾಗಾಗಿ ನಾನು ಎದ್ದು ಹೋಗಲಿಲ್ಲ. ಸಂಜೆ ಹೊತ್ತಿಗೆ ಕಟ್ಟಕಡೆಯ ತಟ್ಟೆ ಮುಗಿಯುವವರೆಗೂ ಅವಳೆದುರು ನಿಂತು ಆಯ್ದೆ. ಬೀಗದ ಕೈಯನ್ನು ಸೆರಗಿನಿಂದ ಬಿಚ್ಚಿ ಅವಳ ಹುಳುಮನೆಯ ಗೋಡೆಗೂಡಿನಲ್ಲಿಟ್ಟು ಮನೆಗೆ ಬಂದೆ.

ಆಮೇಲಿನ ದಿನಗಳಲ್ಲಿ ಹಳೆಯ ಒಂದೊಂದು ಡಿಸೆಂಬರನ್ನೂ ಹೊರಗೆ ತೆಗೆದು ನೋಡಿದೆ. ಪರೀಕ್ಷೆಯ ಡಿಸೆಂಬರ್, ತಿಥಿಯ ಡಿಸೆಂಬರ್. ಜೊತೆಯಲ್ಲಿ ಹೋದರೆ ಒಂದೇ ಕೋಣೆಯಲ್ಲಿ ಉಳಿಯಬೇಕು, ಒಂದೇ ಬುತ್ತಿ ಬಿಚ್ಚಬೇಕು, ಊರಿಗೆ ಬಂದ ಮೇಲೆ ಅದಕ್ಕೆ ಉತ್ತರ ಕೊಡಬೇಕು. ಅವಳಿಗೆ ಒಳ್ಳೆಯ ತಿಂಗಳು ಎಂದೂ ಬರುವಂತಿರಲಿಲ್ಲ. ನಾನು ಮಾತ್ರ ಇನ್‌ಸ್ಪೆಕ್ಟರನ್ನು ಕೂರಿಸಿಕೊಂಡು ಮಳೆ, ಸೆಖೆಯ ವಿಷಯ ಕೇಳುತ್ತಿದ್ದೆ. ಆಸೆ ಅವಳಿಗೂ ನಿಜವಾಗಿಯೇ ಇತ್ತು ಎಂದು ಈಗಲೂ ನಂಬುತ್ತೇನೆ. ಕೈ ಮೇಲೆ ಕೈ ಹಾಕಿದಾಗ ಅವಳು ನಾಟಕ ಆಡಿರಲಿಲ್ಲ. ಅದಕ್ಕೇ ಹೆಚ್ಚು ಉರಿಯುತ್ತದೆ.

ಯಜಮಾನರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನಿಂಗೆ ಇಷ್ಟು ವರ್ಷ ಗೊತ್ತಾಗ್ಲಿಲ್ವಾ?" ಎಂದರು. ಅವರಿಗೆ ಗೊತ್ತಿತ್ತು. ನೀನು ಅವಳ ಜೊತೆ ಸಂತೋಷವಾಗಿದ್ದೆ, ಅದನ್ನು ನಾನ್ಯಾಕೆ ಕೆಡಿಸಲಿ ಎಂದು ಸುಮ್ಮನಿದ್ದೆ ಎಂದರು. ಅವರ ಜೊತೆಯೂ ಎರಡು ದಿನ ಮಾತು ಬಿಟ್ಟೆ. ನಾಳೆಯೇ ಹೊರಡು, ನಾನು ಕರೆದುಕೊಂಡು ಹೋಗುತ್ತೇನೆ ಎಂದರೂ ನನಗೆ ಬೇಡವಾಗಿತ್ತು.

ಅಷ್ಟರಲ್ಲಿ ನನ್ನ ಹುಳುಗಳು ಸೆಟೆಯತೊಡಗಿದವು. ಜ್ವರದಿಂದ ಆಗ ತಾನೇ ಎದ್ದು ಎಳೆ ಚರ್ಮದಲ್ಲಿದ್ದವು. ಮೊದಲ ದಿನ ಹತ್ತು, ಮಾರನೆಯ ದಿನ ತಟ್ಟೆಗೆ ಹತ್ತು, ಆಮೇಲೆ ತಟ್ಟೆ ತಟ್ಟೆಯೇ ಬೆಳ್ಳಗಾಯಿತು. ಐದನೆಯ ಹಂತದ ಹುಳು ಮೇಯುವಾಗ ಹಂಚಿನ ಮೇಲೆ ಮಳೆ ಬಿದ್ದಂಥ ಸದ್ದು ತುಂಬಿರುತ್ತದೆ. ನನ್ನ ಹುಳುಮನೆಯಲ್ಲಿ ಆ ಸದ್ದು ದಿನದಿನಕ್ಕೆ ತೆಳುವಾಗಿ ನಿಂತೇಹೋಯಿತು. ಇನ್‌ಸ್ಪೆಕ್ಟರು ಬಂದು ನೋಡಿ, ಬೇರೆ ಹುಳುಮನೆಗೆ ಹೋಗಿದ್ದಿರಾ ಎಂದು ಕೇಳಿದರು. ಹೋಗಿದ್ದೆ ಎಂದೆ. ಕಾಲು ತೊಳೆದಿದ್ದಿರಾ ಎಂದು ಕೇಳಲಿಲ್ಲ. ಮಾತು ತಿರುಗಿಸಲೆಂದು, ಈ ಸಲ ನಮ್ಮೂರಿಗೆ ಹೊರಟಿದ್ದಿರಲ್ಲ, ಏನಾಯಿತು ಎಂದರು. ಸೈಕ್ಲೋನು ಎಂದು ನಿಂತೆವು ಎಂದೆ.

"ಅದು ಚೆನ್ನೈ ಕಡೆ ಸಮುದ್ರ ಮಾರಾಯ್ರೆ. ನಮ್ಮ ಕಡಲು ಈ ಬದಿಗೆ. ಅಲ್ಲಿ ಒಂದು ಹನಿಯೂ ಇಲ್ಲ, ಈ ವರ್ಷದಷ್ಟು ಒಳ್ಳೆ ಡಿಸೆಂಬರ್ ನಾನು ಕಾಣ್ಲಿಲ್ಲ."

ಸಮುದ್ರಗಳು ಎರಡಿವೆ ಎಂದು ಶಾಲೆಯಲ್ಲಿ ನಾನೂ ಓದಿದ್ದೆ. ಕೆರೆಯ ಊರಿನವಳಿಗೆ ಅದು ಹೊಳೆಯಲಿಲ್ಲ.

ಸತ್ತ ಹುಳುಗಳನ್ನು ತೋಟದ ಮೂಲೆಯಲ್ಲಿ ಗುಂಡಿ ತೋಡಿ ಹೂತು ಮೇಲೆ ಸುಣ್ಣ ಸುರಿದೆವು. ಪದ್ಮಕ್ಕನ ಗೂಡು ಚೆನ್ನಾಗಿ ಬಂದು ಮಾರುಕಟ್ಟೆಗೆ ಹೋಯಿತೆಂದು ಯಾರೋ ಹೇಳಿದರು. ಒಳ್ಳೆಯದೇ ಆಯಿತು ಎನ್ನಿಸಿತು. ಆ ಹುಳುಗಳಿಗೆ ಸೊಪ್ಪು ಹಾಕಿದವಳು ನಾನಲ್ಲವೆ.

ಜನವರಿ ಮೊದಲ ವಾರ ಒಂದು ಮಧ್ಯಾಹ್ನ ಅವಳು ಹುಳುಮನೆಗಲ್ಲ, ಮನೆಗೇ ಬಂದಳು. ಕೆಲಸದ ಹಳೆ ಸೀರೆ ಉಟ್ಟು ಸೆರಗು ಬಿಗಿದಿದ್ದಳು. ಬಾಗಿಲ ಮುಂದೆ ಚಪ್ಪಲಿ ಬಿಡದೆ ನಿಂತಳು. ಇಪ್ಪತ್ತೈದು ವರ್ಷದಲ್ಲಿ ನಮ್ಮ ಬೀದಿಗೆ ಅವಳ ಕಾಲು ಬಂದಿದ್ದು ಅದೇ ಮೊದಲು.

"ನಾಲ್ಕು ದಿನದ ಮುಯ್ಯಿ ಐತೆ ನನ್ ಮೇಲೆ. ಕೆಲ್ಸ ಹೇಳೇ. ಹುಳುಮನೆ ತೊಳಿಯಣ, ತೋಟ ಕತ್ತರಿಸಣ, ಏನಾದ್ರೂ ಸರಿ."

ಮುಯ್ಯಿಯನ್ನು ತೀರಿಸಿಕೊಳ್ಳದೆ ಬಿಟ್ಟರೆ ಇಬ್ಬರ ನಡುವೆ ಇದ್ದದ್ದು ಅಲ್ಲಿಗೆ ಮುಗಿಯಿತೆಂದು ನಮ್ಮಲ್ಲಿ ಅರ್ಥ. ಅದಕ್ಕೇ ಅವಳು ಬಂದಿದ್ದು. ಕಣ್ಣ ಕೆಳಗೆ ಕಪ್ಪಾಗಿತ್ತು. ನನಗೆ ಅಯ್ಯೋ ಎನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ.

ಅವರೆಕಾಯಿಯ ಕಾಲ. ಒಳಗೆ ಸಾರು ಕುದಿಯುತ್ತಿತ್ತು, ಮುದ್ದೆ ಆಗ ತಾನೇ ಕಟ್ಟಿದ್ದೆ. ಒಂದು ತಟ್ಟೆಗೆ ಮುದ್ದೆ ಇಟ್ಟು, ಸಾರು ಬಿಟ್ಟು, ಹೊಸಿಲ ಒಳಗೆ ಚಾಪೆ ಹಾಸಿ ಅದರ ಮುಂದೆ ಇಟ್ಟೆ.

"ಕೆಲ್ಸ ಬೇಡ. ನಾಲ್ಕು ದಿನ, ನಾಲ್ಕು ಊಟ. ಒಳಗೆ ಬಂದು ಕೂತು ಉಣ್ಣು. ಮುಯ್ಯಿ ತೀರ್ತದೆ."

ಅವಳು ತಟ್ಟೆಯನ್ನು ನೋಡಿದಳು. ಬೀದಿಯ ಆ ಕಡೆ ಈ ಕಡೆ ನೋಡಿದಳು. ಎದುರು ಮನೆಯವರು ಜಗಲಿಯ ಮೇಲೆ ಅವರೆ ಬಿಡಿಸುತ್ತಿದ್ದರು, ಕೈ ನಿಲ್ಲಿಸಿದ್ದರು.

"ಇವತ್ತು ಶನಿವಾರ ಕಣೇ. ನಂಗೆ ಒಪ್ಪೊತ್ತು."

"ನಾಳೆ ಬಾ."

"ನಾಳೆ ಬೀಗ್ರು ಬರ್ತಾರೆ."

"ಸೋಮವಾರ?"

ಅವಳು ಬಿಗಿದಿದ್ದ ಸೆರಗನ್ನೇ ಇನ್ನೊಮ್ಮೆ ಬಿಗಿದಳು.

"ಯಾವ ತಿಂಗಳು ಒಳ್ಳೇದು ಅಂತ ನೀನೇ ಹೇಳು ಪದ್ಮಕ್ಕ. ಎಷ್ಟು ವರ್ಷ ಆದ್ರೂ ಕಾಯ್ತೀನಿ. ನಂಗೆ ಅಭ್ಯಾಸ ಐತೆ."

ಅವಳ ಕಣ್ಣು ತುಂಬಿ ಬಂತು. ಬಾಗಿಲ ಚೌಕಟ್ಟು ಹಿಡಿದು ಎಡಗಾಲಿನ ಚಪ್ಪಲಿಯನ್ನು ಕಳಚಿದಳು. ಆ ಕಾಲು ಮೆಟ್ಟಿಲ ಮೇಲೆ ಬಂತು. ಬಂದೇಬಿಡುತ್ತಾಳೆ ಎಂದುಕೊಂಡೆ. ಆ ಗಳಿಗೆ ನನಗೆ ಸಮುದ್ರವೇ ಮರೆತುಹೋಗಿತ್ತು. ಹೊರಗೆ ಯಾರದೋ ಬೈಕು ಬಂದ ಸದ್ದಾಯಿತು. ಅವಳು ಕಾಲು ಹಿಂದಕ್ಕೆ ತೆಗೆದು ಚಪ್ಪಲಿ ಹುಡುಕಿ ಮೆಟ್ಟಿಕೊಂಡಳು.

"ಪೋನೀಲೇವೇ," ಎಂದಳು ತೆಲುಗಿನಲ್ಲಿ, ಹೋಗಲಿ ಬಿಡು ಎಂಬಂತೆ. ಯಾವುದು ಹೋಗಲಿ ಎಂದಳೋ ತಿಳಿಯಲಿಲ್ಲ. ಬೀದಿಯ ತಿರುವಿನವರೆಗೆ ನೋಡಿದೆ, ತಿರುಗಿ ನೋಡಲಿಲ್ಲ.

ಮುದ್ದೆ ಆರಿದರೆ ಗಟ್ಟಿಯಾಗುತ್ತದೆ. ಅವಳಿಗೆಂದು ಹಾಸಿದ್ದ ಚಾಪೆಯ ಮೇಲೆ ಕೂತು, ಬಾಗಿಲು ಮುಚ್ಚದೆ, ಬೀದಿಗೆ ಕಾಣುವ ಹಾಗೆ ಆ ತಟ್ಟೆಯನ್ನು ಎಳೆದುಕೊಂಡು ಪೂರ್ತಿ ಉಂಡೆ.